ಎಡ ಕಾರ್ನರ್‌ಗೆ ಒಂದು ಜೊತೆ

ಕಬಡ್ಡಿಯಲ್ಲಿ ರೈಡ್‌ಗೆ ಹೋಗಿ ಪಾಯಿಂಟ್ ತರುವವಳ ಫೋಟೊ ಪೇಪರಿನಲ್ಲಿ ಬರುತ್ತದೆ. ಅವಳು ಔಟಾಗಿ ಹೊರಗೆ ಕುಳಿತಾಗ ಎದುರಾಳಿ ರೈಡರನ್ನು ಹಿಡಿದು ಕೆಡವಿ, ಅವಳನ್ನು ಮತ್ತೆ ಮ್ಯಾಟಿಗೆ ಕರೆತರುವವರ ಫೋಟೊ ಬರುವುದಿಲ್ಲ. ನಾನು ಆಡಿದಷ್ಟು ಕಾಲ ಎಡಗಡೆ ಕಾರ್ನರ್‌ನಲ್ಲಿ ನಿಂತು ಕಾಲು ಹಿಡಿದವಳು. ನನ್ನದೂ ಒಂದು ಫೋಟೊ ಬಂದಿತ್ತು. ಅದರಲ್ಲಿ ಯಾರದೋ ಸೊಂಟದ ಕೆಳಗಿಂದ ನನ್ನ ಮೊಣಕೈ ಕಾಣಿಸುತ್ತಿತ್ತು. ನಮ್ಮಮ್ಮ ಅದನ್ನೇ ಕತ್ತರಿಸಿ ಬೀರುವಿನಲ್ಲಿಟ್ಟುಕೊಂಡಿದ್ದರು.

ಆಟ ಬಿಟ್ಟು, ಆಮೇಲೆ ಕೆಲಸದಿಂದಲೂ ವಾಲಂಟರಿ ರಿಟೈರ್‌ಮೆಂಟ್ ತೆಗೆದುಕೊಂಡು, ತ್ಯಾಗರಾಜನಗರದ ಮನೆಯಲ್ಲಿ ಸುಖವಾಗಿದ್ದೆ. ಸುಖ ಅಂದರೆ ಬೆಳಿಗ್ಗೆ ಗಿಡಕ್ಕೆ ನೀರು ಹಾಕಿ, ಪೇಪರ್ ಓದಿ, ಯಾರ ಮೇಲಾದರೂ ರೇಗುವುದು. ಅಂಥ ಒಂದು ಬೆಳಿಗ್ಗೆ ಫೋನ್ ಬಂತು. ಬನಶಂಕರಿ, ಜೆ.ಪಿ. ನಗರಗಳಲ್ಲಿ ಛತ್ರಗಳನ್ನು ಇಟ್ಟುಕೊಂಡಿರುವ ಒಬ್ಬರು ಮಹಿಳೆಯರ ಕಬಡ್ಡಿ ಲೀಗಿನಲ್ಲಿ ಒಂದು ತಂಡ ಕೊಂಡಿದ್ದರು. ಹಿಂದಿನ ಸೀಸನ್‌ನಲ್ಲಿ ಆ ತಂಡ ಎಲ್ಲರಿಗಿಂತ ಕೆಳಗೆ ಬಂದಿತ್ತು.

"ಮೇಡಂ, ನಮಗೆ ಡಿಫೆನ್ಸ್ ಕೋಚ್ ಬೇಕು. ನೀವು ಹೂಂ ಅಂದ್ರೆ ಪೂರ್ತಿ ಡಿಫೆನ್ಸ್ ಹೊಸದಾಗಿ ಕಟ್ಟೋಣ. ಹಳಬರನ್ನ ಎಲ್ಲಾ ಬಿಟ್ಬಿಟ್ಟಿದ್ದೀನಿ."

"ಎಲ್ಲರನ್ನೂ ಯಾಕೆ ಬಿಟ್ರಿ?"

"ಹೋಗ್ಲಿ ಬಿಡಿ ಮೇಡಂ, ಒಂದ್ಸಲ ಬಂದು ನೋಡಿ, ನಿಮಗೇ ಗೊತ್ತಾಗುತ್ತೆ."

ಹೋಗಿ ಹಳೆಯ ಪಂದ್ಯಗಳ ವಿಡಿಯೊ ನೋಡಿದೆ. ಗೊತ್ತಾಯಿತು. ಡಿಫೆನ್ಸ್ ಅನ್ನುವುದೇ ಇರಲಿಲ್ಲ. ಎದುರಿನವರು ಬರುತ್ತಿದ್ದರು, ಮುಟ್ಟುತ್ತಿದ್ದರು, ಹೋಗುತ್ತಿದ್ದರು, ಸಂತೆಗೆ ಹೋಗಿ ಬಂದ ಹಾಗೆ. ಇವರ ಪೈಕಿ ಒಬ್ಬಳು ಮಾತ್ರ ಆಡುತ್ತಿದ್ದಳು. ಅವಳು ರೈಡರ್. ಹಳಬರಲ್ಲಿ ಉಳಿಸಿಕೊಂಡಿದ್ದು ಅವಳೊಬ್ಬಳನ್ನೇ. ಮೂವತ್ತು ದಾಟಿದ್ದಳು. ಬಿಟಿಎಂನಲ್ಲಿ ಬಾಡಿಗೆ ಮನೆ, ಹಗಲು ಒಂದು ಖಾಸಗಿ ಶಾಲೆಯಲ್ಲಿ ಪಿಟಿ ಟೀಚರ್. ಉದ್ದ ಜಡೆಯನ್ನು ಸುತ್ತಿ ಪಿನ್ ಹಾಕಿಕೊಂಡು ಆಡುತ್ತಿದ್ದಳು. ಮುಟ್ಟಿ ಓಡಿಬರುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಹಿಡಿಯಬೇಕೆಂದು ಎದುರಿನವರು ಕೈ ಚಾಚುವಷ್ಟರಲ್ಲಿ ಅವಳು ಗೆರೆ ದಾಟಿರುತ್ತಿದ್ದಳು. ಆದರೆ ತನ್ನವರು ಯಾರೂ ಹಿಡಿಯುವುದಿಲ್ಲವಲ್ಲ, ಅದಕ್ಕೆ ಕ್ಯಾಚಿಗೂ ತಾನೇ ನುಗ್ಗುತ್ತಿದ್ದಳು. ಕೊನೆಯ ಪಂದ್ಯದಲ್ಲಿ ಹಾಗೆ ನುಗ್ಗಿದಾಗ ಎದುರಾಳಿಯ ಸೊಂಟ ಇವಳ ಕುತ್ತಿಗೆಗೆ ಬಡಿದಿತ್ತು.

ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ನಾನೇ. ಜಯನಗರದ ಆ ಡಾಕ್ಟರು ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದು ನೇರವಾಗಿ ಹೇಳಿದರು. "ಕುತ್ತಿಗೆ ಮೂಳೆ ಹತ್ರ ಎಡಗೈಗೆ ಹೋಗೋ ನರ ಒತ್ತಿಕೊಂಡಿದೆ. ಇನ್ನೊಂದು ಜೋರು ಏಟು ಬಿದ್ರೆ ಕೈ ಹೋಗ್ಬೋದಮ್ಮ. ನನ್ನ ಕೇಳಿದ್ರೆ ಆಟ ಬಿಟ್ಬಿಡಿ."

ಹೊರಗೆ ಬಂದು ಅವಳು ಎಳನೀರು ಕುಡಿದಳು. ಕುಡಿಯುತ್ತಾ ಅಂದಳು, "ಮನೇಲಿ ಕೂತ್ರೂ ನೋಯುತ್ತೆ, ಆಡಿದ್ರೂ ನೋಯುತ್ತೆ. ಆಡೇ ನೋಯಿಸ್ಕೋತೀನಿ ಬಿಡಿ ಅಕ್ಕ. ರೈಡ್ ಆದ್ರೆ ನನ್ನ ಕೈಯಲ್ಲಿದೆ, ಕಷ್ಟ ಅನ್ಸಿದ್ರೆ ಯಾರನ್ನೂ ಮುಟ್ಟದೆ ವಾಪಸ್ ಬರ್ತೀನಿ. ಕ್ಯಾಚಿಗೆ ಮಾತ್ರ ನನ್ನ ಹಾಕ್ಬೇಡಿ. ಈ ಒಂದು ಸೀಸನ್, ಅಷ್ಟೇ."

"ನಿನ್ನ ಕ್ಯಾಚಿಗೆ ಹಾಕಿದ್ರೆ ನನ್ನ ಹೆಸರಿಟ್ಟು ಕರೀಬೇಡ," ಅಂದೆ. ಅವತ್ತಿನಿಂದ ನನ್ನ ಕೆಲಸ ಏನು ಅನ್ನುವುದು ನನಗೆ ಸ್ಪಷ್ಟವಾಯಿತು. ಕಪ್, ಮೆಡಲ್ ಎಲ್ಲಾ ಛತ್ರದವರ ಚಿಂತೆ. ಅವಳು ಹಿಡಿಯಲು ಹೋಗಬೇಕಾಗಿಯೇ ಬಾರದಂಥ ಒಂದು ಸಾಲು ಹುಡುಗಿಯರನ್ನು ನಾನು ಕಟ್ಟಬೇಕಿತ್ತು.

ಕಬಡ್ಡಿ ನೋಡದವರಿಗೆ ಒಂದು ಮಾತು ಹೇಳಬೇಕು. ಡಿಫೆನ್ಸ್‌ನಲ್ಲಿ ಯಾರೂ ಒಂಟಿಯಾಗಿ ನಿಲ್ಲುವುದಿಲ್ಲ. ಕೊನೆಯಲ್ಲಿ ನಿಲ್ಲುವವಳು ಕಾರ್ನರ್. ಅವಳು ಪಕ್ಕದವಳ ಕೈ ಹಿಡಿದೇ ನಿಲ್ಲುತ್ತಾಳೆ. ರೈಡರ್ ಎಡಕ್ಕೆ ಹೋದರೆ ಇಬ್ಬರೂ ಎಡಕ್ಕೆ, ಹಿಂದಕ್ಕೆ ಅಂದರೆ ಇಬ್ಬರೂ ಹಿಂದಕ್ಕೆ. ಯಾವಾಗ ಹಾರಬೇಕು ಅನ್ನುವುದನ್ನು ಬಾಯಲ್ಲಿ ಹೇಳುವಷ್ಟು ಪುರುಸೊತ್ತು ಇರುವುದಿಲ್ಲ, ಕೈಯೇ ಹೇಳಬೇಕು. ಅದಕ್ಕೇ ನಮ್ಮ ಕಾಲದಿಂದಲೂ ಒಳ್ಳೆಯ ಕ್ಲಬ್ಬುಗಳವರು ಡಿಫೆಂಡರುಗಳನ್ನು ಒಬ್ಬೊಬ್ಬರನ್ನಾಗಿ ನೋಡುವುದಿಲ್ಲ, ಜೊತೆಯಾಗಿ ನೋಡುತ್ತಾರೆ.

ಅಂಥ ಒಂದು ಜೊತೆ ನನಗೆ ಸುದ್ದಗುಂಟೆಪಾಳ್ಯದಲ್ಲಿ ಸಿಕ್ಕಿತು. ದೇವಸ್ಥಾನದ ಪಕ್ಕದ ಮಣ್ಣಿನ ಅಂಗಳದಲ್ಲಿ ಸಂಜೆ ಹೊತ್ತು ಆಡುತ್ತಿದ್ದ ಇಬ್ಬರು ಹುಡುಗಿಯರು, ಒಂದೇ ಬೀದಿಯವರು. ಒಬ್ಬಳು ಗಿಡ್ಡ, ತೆಳ್ಳಗೆ, ಮಾತು ಕಡಿಮೆ. ಅವಳ ಅಮ್ಮ ಮಡಿವಾಳ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಾರೆ. ಅವಳು ಎಡ ಕಾರ್ನರ್. ಅವಳ ಕೈ ಹಿಡಿದು ನಿಲ್ಲುತ್ತಿದ್ದವಳು ಎತ್ತರದ ಗಟ್ಟಿ ಆಳು. ಗಿಡ್ಡ ಹುಡುಗಿ ಹಾರಿ ಕಾಲಿನ ಗಿಣ್ಣು ಹಿಡಿಯುತ್ತಿದ್ದ ರೀತಿ ನೋಡಿ ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಎಲ್ಲರೂ ಹಾರುವಾಗ ಜೊತೆಯವಳ ಕೈ ಬಿಡುತ್ತಾರೆ. ಇವಳು ಬಿಡುತ್ತಿರಲಿಲ್ಲ. ಒಂದು ಕೈಯಲ್ಲಿ ಕಾಲು ಹಿಡಿದು, ಇನ್ನೊಂದು ಕೈಯಿಂದ ಜೊತೆಯವಳನ್ನು ತನ್ನ ಮೇಲೇ ಎಳೆದುಕೊಳ್ಳುತ್ತಿದ್ದಳು. ಇವಳ ವೇಗ, ಅವಳ ತೂಕ, ಎರಡೂ ಸೇರಿ ರೈಡರ್ ಮೇಲೆ ಬೀಳುತ್ತಿತ್ತು. ಯಾವ ರೈಡರೂ ಏಳುತ್ತಿರಲಿಲ್ಲ.

"ಯಾರು ಕಲಿಸಿದ್ರು ನಿಂಗೆ ಹೀಗೆ?" ಅಂತ ಕೇಳಿದೆ.

"ಯಾರೂ ಇಲ್ಲ ಮೇಡಂ. ಕೈ ಬಿಟ್ರೆ ನನಗೆ ಹಾರಕ್ಕೆ ಭಯ ಆಗುತ್ತೆ," ಅಂದಳು.

ಲೀಗಿನಲ್ಲಿ ಆಟಗಾರ್ತಿಯರನ್ನು ಹರಾಜು ಹಾಕುತ್ತಿರಲಿಲ್ಲ, ಡ್ರಾಫ್ಟ್ ಮಾಡುತ್ತಿದ್ದರು. ಹಿಂದಿನ ವರ್ಷ ಕೊನೆಗೆ ಬಂದ ತಂಡ ಪ್ರತಿ ಸುತ್ತಿನಲ್ಲೂ ಮೊದಲು ಒಂದು ಹೆಸರು ಹೇಳಬೇಕು, ಆಮೇಲೆ ಉಳಿದ ತಂಡಗಳು ಸರದಿಯಂತೆ. ಸೋತದ್ದಕ್ಕೆ ನಮಗೆ ಸಿಕ್ಕಿದ್ದ ಬಹುಮಾನ ಅದೊಂದೇ. ನನ್ನ ಲೆಕ್ಕಾಚಾರ ಸರಳ. ಮೊದಲ ಸುತ್ತಿನಲ್ಲಿ ಎತ್ತರದವಳು, ಏಕೆಂದರೆ ಅವಳ ಮೇಲೆ ಎಲ್ಲರ ಕಣ್ಣಿತ್ತು. ಎರಡನೆಯ ಸುತ್ತಿನಲ್ಲಿ ಗಿಡ್ಡ ಹುಡುಗಿ. ಜೊತೆ ನಮ್ಮದು.

ಡ್ರಾಫ್ಟ್ ನಡೆದದ್ದು ಜಯನಗರದ ಒಂದು ಹೋಟೆಲಿನ ಹಾಲ್‌ನಲ್ಲಿ, ಮಂಗಳವಾರ ಮಧ್ಯಾಹ್ನ. ಎರಡು ಗಂಟೆಗೆ ಶುರುವಾಗಬೇಕಿತ್ತು. ಮುಖ್ಯ ಅತಿಥಿ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಬಂದು, ದೀಪ ಹಚ್ಚಿ, ಹೆಣ್ಣುಮಕ್ಕಳ ಶಕ್ತಿಯ ಬಗ್ಗೆ ಭಾಷಣ ಮಾಡಿ ಮುಗಿಸುವಷ್ಟರಲ್ಲಿ ಮೂರು ಹೊಡೆದಿತ್ತು. ಮೊದಲ ಹೆಸರು ನಾವು ಹೇಳಬೇಕು. ಮೈಕ್ ನಮ್ಮ ಟೇಬಲ್ಲಿಗೆ ಬಂತು. ನಮ್ಮ ಓನರ್ ಮೈಕ್ ಮುಟ್ಟಲಿಲ್ಲ. ವಾಚ್ ನೋಡಿಕೊಂಡರು.

"ಮೇಡಂ, ರಾಹುಕಾಲ ಶುರುವಾಗೋಯ್ತು."

"ಆದ್ರೆ ಏನೀಗ ಸಾರ್? ಮೊದಲು ಹೆಸರು ಹೇಳಿ."

"ಅಯ್ಯೋ, ಮೂವತ್ತು ವರ್ಷದಿಂದ ಛತ್ರ ನಡೆಸ್ತಿದ್ದೀನಿ. ರಾಹುಕಾಲದಲ್ಲಿ ಒಂದು ಅಡ್ವಾನ್ಸ್ ಕೂಡ ತಗೊಂಡಿಲ್ಲ. ನಾಲ್ಕೂವರೆವರೆಗೂ ನಾನು ಬಾಯಿ ಬಿಡಲ್ಲ."

ಕೈ ಮುಗಿದೆ, ಕಾಲಿಗೆ ಬೀಳುವುದೊಂದು ಬಾಕಿ. ಆ ಮನುಷ್ಯ ಎದ್ದು ಹೋಗಿ ಹಿಂದಿನ ವರ್ಷದ ಚಾಂಪಿಯನ್ ತಂಡದವರ ಕಿವಿಯಲ್ಲಿ ಏನೋ ಹೇಳಿದರು. ಮೊದಲ ಎರಡು ಸುತ್ತಿಗೆ ಅವರ ಕೊನೆಯ ಸರದಿ ನಮಗೆ, ನಮ್ಮ ಮೊದಲ ಸರದಿ ಅವರಿಗೆ. ಅವರ ಮ್ಯಾನೇಜರ್ ನಮ್ಮ ಓನರ್ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಕುಲುಕದೆ ಏನು ಮಾಡಿಯಾನು! ಮೈಕ್ ತೆಗೆದುಕೊಂಡು ಆತ ಹೇಳಿದ ಮೊದಲ ಹೆಸರೇ ಎತ್ತರದ ಹುಡುಗಿಯದು. ನಾನು ತಲೆ ಮೇಲೆ ಕೈ ಹೊತ್ತು ಕೂತೆ.

ನಮ್ಮ ಸರದಿ ಬರುವಷ್ಟರಲ್ಲಿ ರಾಹುಕಾಲ ಕಳೆದಿತ್ತು. ಓನರ್ ಮುಖ ಅರಳಿತ್ತು. ಗಿಡ್ಡ ಹುಡುಗಿಯ ಹೆಸರು ಇನ್ನೂ ಯಾರೂ ಎತ್ತಿರಲಿಲ್ಲ. ಅವಳ ಎತ್ತರ ನೋಡಿ ಎಲ್ಲರೂ ಮುಂದಕ್ಕೆ ಹೋಗಿದ್ದರು. ನಾವು ಅವಳನ್ನು ಎತ್ತಿಕೊಂಡೆವು. ವೇದಿಕೆಯ ಮೇಲೆ ಇಬ್ಬರೂ ಬೇರೆ ಬೇರೆ ಬಣ್ಣದ ಜೆರ್ಸಿ ಹಿಡಿದು ನಿಂತಿದ್ದರು. ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಬಂದವರು. ಫೋಟೊ ತೆಗೆಯುವವನು "ಸ್ವಲ್ಪ ದೂರ ದೂರ ನಿಂತ್ಕೊಳ್ಳಿ" ಅಂದ. ಗಿಡ್ಡ ಹುಡುಗಿ ನನ್ನ ಕಡೆ ನೋಡಿದಳು. ಅವಳಿಗೆ ಇನ್ನೂ ಏನಾಯಿತು ಅಂತ ತಿಳಿದಿರಲಿಲ್ಲ.

ಅಂದಿನಿಂದಲೇ ನನಗೆ ಏನೋ ಒಂದು ಕಸಿವಿಸಿ. ಓನರ್‌ಗೆ ಹೇಳಿದರೆ, "ಒಳ್ಳೇ ಟೈಮಲ್ಲಿ ತಗೊಂಡಿದ್ದೀವಿ, ಒಳ್ಳೇದೇ ಆಗುತ್ತೆ ಮೇಡಂ" ಅಂದರು. ಇಂಥವರ ಹತ್ತಿರ ಏನು ಮಾತಾಡುವುದು?

ಪ್ರಾಕ್ಟೀಸಿಗೆ ಬನಶಂಕರಿಯ ಛತ್ರದ ಊಟದ ಹಾಲನ್ನೇ ಕೊಟ್ಟರು. ಆಷಾಢ. ಮದುವೆಗಳಿಲ್ಲ, ಹಾಲ್ ಖಾಲಿ. ಟೇಬಲ್ಲುಗಳನ್ನು ಗೋಡೆಗೆ ಒತ್ತಿ ಮ್ಯಾಟ್ ಹಾಸಿದ್ದರು. ಎಷ್ಟು ತೊಳೆದರೂ ಆ ಹಾಲಿನಿಂದ ಸಾರಿನ ವಾಸನೆ ಹೋಗುತ್ತಿರಲಿಲ್ಲ. ಡ್ರಾಫ್ಟಿನಲ್ಲಿ ಸಿಕ್ಕ ಉಳಿದ ಹುಡುಗಿಯರು ಕೆಟ್ಟವರೇನಲ್ಲ. ಬಲಗಡೆ ಒಂದು ಜೊತೆ ಬೇಗ ಕುದುರಿತು. ನಡುವೆ ನಿಲ್ಲುವವಳೂ ಪರವಾಗಿಲ್ಲ. ಎಡಗಡೆ ಮಾತ್ರ ಕಾರ್ನರ್ ಹುಡುಗಿಯ ಕೈ ಹಿಡಿಯಲು ಯಾರನ್ನು ನಿಲ್ಲಿಸಿದರೂ ಸರಿಹೋಗಲಿಲ್ಲ. ಒಬ್ಬಳು ಬೇಗ ಎಳೆಯುತ್ತಿದ್ದಳು, ಇನ್ನೊಬ್ಬಳು ನಿಧಾನ, ಮತ್ತೊಬ್ಬಳ ಕೈ ಬೆವರುತ್ತಿತ್ತು. ಹುಡುಗಿ ಹಾರುವುದನ್ನೇ ನಿಲ್ಲಿಸಿಬಿಟ್ಟಳು.

"ಕೈ ಬಿಟ್ಟು ಒಬ್ಬಳೇ ಹಾರೇ!" ಅಂತ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ಅವಳು ಬಿಡುತ್ತಿದ್ದಳು, ಹಾರುತ್ತಿದ್ದಳು, ಆದರೆ ಬರೀ ಕೈಯಲ್ಲಿ ನೊಣ ಹಿಡಿದ ಹಾಗೆ. ಅವಳ ತೂಕಕ್ಕೆ ಯಾವ ರೈಡರ್ ಬೀಳುತ್ತಾಳೆ?

ಲೀಗ್ ಶುರುವಾಯಿತು. ಮೊದಲ ಪಂದ್ಯ ಸೋತೆವು. ಎರಡನೆಯದೂ ಸೋತೆವು. ಎರಡರಲ್ಲೂ ನಮ್ಮ ರೈಡರ್ ಔಟಾಗಿ ಹೊರಗೆ ಕೂತರೆ ಕೂತೇ ಇರುತ್ತಿದ್ದಳು. ಒಳಗೆ ಒಂದು ಕ್ಯಾಚ್ ಆದರೆ ತಾನೇ ಅವಳು ವಾಪಸ್ ಬರುವುದು. ಅವಳು ಬೆಂಚಿನ ಮೇಲೆ ಕುದಿಯುತ್ತಿದ್ದಳು. ಮೂರನೆಯ ಪಂದ್ಯದ ಮುಂಚಿನ ದಿನ, ಪ್ರಾಕ್ಟೀಸ್ ನಡುವೆ, ಯಾರನ್ನೂ ಕೇಳದೆ ಎದ್ದು ಹೋಗಿ ಕಾರ್ನರ್ ಹುಡುಗಿಯ ಪಕ್ಕ ನಿಂತಳು. ತನ್ನ ಎಡಗೈಯಲ್ಲಿ ಆ ಹುಡುಗಿಯ ಕೈ ಹಿಡಿದಳು.

"ಒಂದ್ಸಲ ನೋಡೋಣ ಅಕ್ಕ, ಸುಮ್ನೆ," ಅಂದಳು.

ಹುಡುಗಿ ಹಾರಿದಳು. ಸುದ್ದಗುಂಟೆಪಾಳ್ಯದಲ್ಲಿ ನೋಡಿದ್ದೆನಲ್ಲ, ಹಾಗೆಯೇ. ಕಾಲು ಹಿಡಿದಳು, ಎಳೆದಳು, ಇಬ್ಬರೂ ಒಟ್ಟಿಗೆ ಬಿದ್ದರು, ಎದುರಿಗಿದ್ದವಳು ಮಿಸುಕಾಡಲಿಲ್ಲ. ಹಾಲ್ ತುಂಬಾ ಚಪ್ಪಾಳೆ. ಹೆಡ್ ಕೋಚ್ ಶಿಳ್ಳೆ ಹೊಡೆದರು.

ಹೆಡ್ ಕೋಚ್ ಕೆಟ್ಟವರಲ್ಲ, ನನಗಿಂತ ಚಿಕ್ಕವರು, ಅವರ ಕುರ್ಚಿ ಅಲ್ಲಾಡುತ್ತಿತ್ತು. ಅವರನ್ನು ಕೈತೊಳೆಯುವ ತೊಟ್ಟಿಯ ಹತ್ತಿರ ಕರೆದೊಯ್ದು ಜಗಳ ತೆಗೆದೆ.

"ಆ ಹುಡುಗಿ ಕೈ ಬಿಡಲ್ಲ ಸಾರ್. ಹಾರಿದಾಗಲೆಲ್ಲ ಇವಳನ್ನ ಎಳ್ಕೊಂಡು ಬೀಳ್ತಾಳೆ. ಇವಳ ಕುತ್ತಿಗೆ ಗತಿ ಏನು?"

"ಅವಳೇ ಆಡ್ತೀನಿ ಅಂತಿದ್ದಾಳಲ್ಲ ಮೇಡಂ. ಮೇಲೆ ಬೀಳೋದು ಬೇರೆ, ಏಟು ತಿನ್ನೋದು ಬೇರೆ. ನೋಡ್ಕೊಂಡು ಮಾಡೋಣ."

"ಆಡ್ತೀನಿ ಅಂದ ಮಾತ್ರಕ್ಕೆ ನಿಲ್ಲಿಸೋದಾ? ಏನಾದ್ರೂ ಆದ್ರೆ ಯಾರು ಜವಾಬ್ದಾರಿ?"

ಅವರು ವಾಪಸ್ ಮ್ಯಾಟಿನ ಕಡೆ ನಡೆದರು. ಮರುದಿನ ಎಡಗಡೆ ಅವಳನ್ನೇ ನಿಲ್ಲಿಸಿದರು. ಗೆದ್ದೆವು. ಅದರ ಮುಂದಿನದನ್ನೂ ಗೆದ್ದೆವು. ಓನರ್ ಛತ್ರದ ಅಡುಗೆಯವರಿಂದ ಹೋಳಿಗೆ ಮಾಡಿಸಿ ಹಂಚಿದರು. "ನೋಡಿದ್ರಾ ಮೇಡಂ, ಟೈಮ್ ನೋಡಿ ತಗೊಂಡಿದ್ದು!" ಅಂತ ನನ್ನ ಎಲೆಗೆ ಇನ್ನೊಂದು ಹಾಕಿಸಿದರು. ನಾನು ಎಲೆ ಮಡಚಿ ಎದ್ದೆ.

ಗೆಲ್ಲುವುದಕ್ಕೆ ಅಷ್ಟು ಹೆದರಿದವಳು ಕಬಡ್ಡಿಯಲ್ಲಿ ನಾನೊಬ್ಬಳೇ ಇರಬೇಕು. ಪ್ರತಿ ಪಂದ್ಯದಲ್ಲೂ ಎದುರಾಳಿ ರೈಡರ್ ನಮ್ಮ ಎಡಗಡೆಗೆ ತಿರುಗಿದಳೆಂದರೆ ನಾನು ಬೆಂಚಿನ ಅಂಚು ಹಿಡಿದುಕೊಳ್ಳುತ್ತಿದ್ದೆ. ಹುಡುಗಿ ಹಾರುವಳು, ಇಬ್ಬರೂ ಬೀಳುವರು, ನಾನು ಯಾರು ಔಟು ಅಂತ ನೋಡುತ್ತಿರಲಿಲ್ಲ, ನಮ್ಮ ರೈಡರ್ ತಲೆ ಎತ್ತಿದಳೋ ಇಲ್ಲವೋ ಅಂತ ನೋಡುತ್ತಿದ್ದೆ. ಎತ್ತುತ್ತಿದ್ದಳು. ನನ್ನ ಕಡೆ ಹೆಬ್ಬೆರಳು ತೋರಿಸಿ ನಗುತ್ತಿದ್ದಳು. ಮನೆಗೆ ಬಂದು ಪಂದ್ಯದ ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದೆ, ಕುತ್ತಿಗೆಗೆ ಏಟು ಬಿತ್ತೇ ಅಂತ. ಒಂದೂ ಬಿದ್ದಿರಲಿಲ್ಲ. ಹುಡುಗಿ ಅಷ್ಟು ಚೊಕ್ಕವಾಗಿ ಎಳೆಯುತ್ತಿದ್ದಳು.

ಹಾಗಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಒಂದು ದಿನ ಅವಳು ಜಡೆ ಕತ್ತರಿಸಿಕೊಂಡು ಬಂದಳು. ಕಿವಿಯವರೆಗೆ ಕೂದಲು, ಗಂಡುಹುಡುಗರ ಹಾಗೆ. ಹುಡುಗಿಯರೆಲ್ಲ "ಸಖತ್ ಅಕ್ಕಾ!" ಅಂತ ಸುತ್ತುವರಿದರು.

"ಎಷ್ಟು ಚೆನ್ನಾಗಿತ್ತಲ್ಲೇ, ಯಾಕೆ ತೆಗೆಸಿದೆ?" ಅಂದೆ.

"ದಿನಾ ಹೆಣೆಯೋದು ಬೇಜಾರಾಗಿತ್ತು ಅಕ್ಕ."

ಅದರ ಮುಂದಿನ ವಾರ ಸ್ಕೂಟರ್ ಬಿಟ್ಟು ಬಸ್ಸಿನಲ್ಲಿ ಬರತೊಡಗಿದಳು. ಸ್ಕೂಟರ್ ಎಲ್ಲಿ ಅಂದರೆ ಸರ್ವೀಸಿಗೆ ಬಿಟ್ಟಿದ್ದೀನಿ ಅಂದಳು. ಎಷ್ಟು ದಿನ ಕಳೆದರೂ ಅದು ಸರ್ವೀಸಿನಿಂದ ಬರಲಿಲ್ಲ. ಒಂದು ಬೆಳಿಗ್ಗೆ ಪ್ರಾಕ್ಟೀಸ್ ಮುಗಿಸಿ ಜಯನಗರದಲ್ಲಿ ಒಂದು ದರ್ಶಿನಿಯಲ್ಲಿ ನಿಂತು ಇಡ್ಲಿ ತಿನ್ನುತ್ತಿದ್ದೆವು. ಅವಳು ಎಡಗೈಯನ್ನು ಟ್ರ್ಯಾಕ್‌ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡಿದ್ದಳು. ಬಲಗೈಯಲ್ಲಿ ತಿಂದು, ಅದೇ ಕೈ ತೊಳೆದುಕೊಂಡು ಬಂದು, ಅದೇ ಕೈಯಲ್ಲಿ ಕಾಫಿ ಲೋಟ ಎತ್ತಿದಳು.

"ಕುತ್ತಿಗೆ ಹೆಂಗಿದೆಯೇ?" ಅಂದೆ.

"ಈಗ ನೋವೇ ಇಲ್ಲ ಅಕ್ಕ! ನಿಜವಾಗ್ಲೂ. ಮುಂಚೆ ಕೈಯೆಲ್ಲಾ ಬೆಂಕಿ ಹಾಕಿದ ಹಾಗೆ ಉರೀತಿತ್ತು. ಈಗ ಏನೂ ಇಲ್ಲ."

ಕೇಳಿ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಯಾಕೆ ಅಂತ ನನಗೂ ಗೊತ್ತಾಗಲಿಲ್ಲ. ಸುಮ್ಮನಿರದೆ ಅವತ್ತೇ ತಂಡದ ಫಿಸಿಯೊಗೆ ಹೇಳಿದೆ, ಜಯನಗರದ ಡಾಕ್ಟರಿಗೂ ಫೋನ್ ಮಾಡಿದೆ. ಇನ್ನೊಂದು ಸ್ಕ್ಯಾನ್ ಮಾಡಿಸಿ, ಬೇಗ ಕರೆದುಕೊಂಡು ಬನ್ನಿ ಅಂದರು. ಮರುದಿನವೇ ಹೋಗೋಣ ಅಂತ ಅವಳ ಬೆನ್ನು ಬಿದ್ದೆ. ಶಾಲೆಯಲ್ಲಿ ಪರೀಕ್ಷೆ ಅಂದಳು, ಭಾನುವಾರ ಪಂದ್ಯ ಇದೆಯಲ್ಲ ಅಂದಳು, ಕೊನೆಗೆ ಸಿಟ್ಟು ಮಾಡಿಕೊಂಡು, "ಸೋಮವಾರ ಬರ್ತೀನಿ, ನನ್ನಾಣೆ" ಅಂದಳು. ಹೆಡ್ ಕೋಚ್‌ಗೂ ಹೇಳಿ ನೋಡಿದೆ, ಭಾನುವಾರ ಇವಳನ್ನು ಎಡಗಡೆ ನಿಲ್ಲಿಸಬೇಡಿ ಅಂತ. ಅವರು ಮುಖ ಬೇರೆ ಕಡೆ ತಿರುಗಿಸಿದರು. ಭಾನುವಾರದ ಪಂದ್ಯ ಗೆದ್ದರೆ ಸೆಮಿಫೈನಲ್. ಸೋತರೆ ಸೀಸನ್ ಮುಗಿಯಿತು.

ಎದುರಾಳಿ ಯಾರು ಅಂದರೆ, ಅದೇ ಚಾಂಪಿಯನ್ ತಂಡ. ಸುದ್ದಗುಂಟೆಪಾಳ್ಯದ ಎತ್ತರದ ಹುಡುಗಿ ಅಲ್ಲಿ ಕೆಂಪು ಜೆರ್ಸಿ ಹಾಕಿಕೊಂಡು ನಿಂತಿದ್ದಳು. ಪಂದ್ಯಕ್ಕೆ ಮುಂಚೆ ಇಬ್ಬರೂ ಹುಡುಗಿಯರು ಮ್ಯಾಟಿನ ಗೆರೆಯ ಮೇಲೆ ನಿಂತು ಕ್ಷಣಕಾಲ ಮಾತಾಡಿಕೊಂಡರು. ನಮ್ಮವಳು ಏನೋ ಹೇಳಿದಳು, ಆ ಹುಡುಗಿ ನಮ್ಮ ರೈಡರ್ ಕಡೆ ತಿರುಗಿ ನೋಡಿದಳು. ನಗಲಿಲ್ಲ.

ನಮ್ಮ ರೈಡರ್ ಅವತ್ತು ಆಡಿದ ಆಟ! ಮುಟ್ಟಿದ್ದೆಲ್ಲ ಪಾಯಿಂಟ್. ಎದುರಿನವರ ಇಬ್ಬರು ರೈಡರುಗಳನ್ನೂ ಹೊರಗೆ ಕಳಿಸಿದಳು. ಆದರೆ ಎಡಗಡೆ, ಕಾರ್ನರ್ ಹುಡುಗಿ ಯಾಕೋ ಹಾರುತ್ತಲೇ ಇರಲಿಲ್ಲ. ಕೈ ಹಿಡಿದು ಹಿಂದೆ ಹಿಂದೆ ಸರಿಯುತ್ತಿದ್ದಳು. "ಹೋಗೇ, ಹೋಗೇ!" ಅಂತ ಹೆಡ್ ಕೋಚ್ ಬೆಂಚಿನಿಂದ ಅರಚುತ್ತಿದ್ದರು. ನಾನು ಅರಚಲಿಲ್ಲ. ಹುಡುಗಿಯ ಮುಖ ಬಿಳಿಚಿಕೊಂಡಿತ್ತು.

ಎರಡೂ ಕಡೆ ಸಮ ಸಮ ಇರುವಾಗ ಕೊನೆಯ ರೈಡ್ ಅವರದು. ಅವರ ರೈಡರುಗಳಿಬ್ಬರೂ ಹೊರಗಿದ್ದರಿಂದ ಎತ್ತರದ ಹುಡುಗಿಯೇ ಬರಬೇಕಾಯಿತು. ಅವಳಿಗೆ ರೈಡ್ ಅಷ್ಟಾಗಿ ಬರುವುದಿಲ್ಲ. "ಕಬಡ್ಡಿ ಕಬಡ್ಡಿ" ಅನ್ನುತ್ತಾ ನೇರವಾಗಿ ನಮ್ಮ ಎಡಗಡೆಗೆ ಬಂದಳು, ತನ್ನ ಹಳೆಯ ಗೆಳತಿಯ ಮುಂದೆ ಕಾಲು ಚಾಚಿದಳು. ಅಷ್ಟು ಹತ್ತಿರ, ಅಷ್ಟು ನಿಧಾನವಾಗಿ ಚಾಚಿದ ಕಾಲನ್ನು ನಾನಾದರೆ ಈಗಲೂ ಹಿಡಿಯುತ್ತಿದ್ದೆ. ನಮ್ಮ ಹುಡುಗಿ ಬಗ್ಗಿದಳು. ಪಕ್ಕದಲ್ಲಿ ನಮ್ಮ ರೈಡರ್ ಬೀಳಲು ಭುಜ ಮುಂದೆ ಮಾಡಿ ತಯಾರಾಗಿದ್ದಳು. ಹುಡುಗಿ ಬಗ್ಗಿದವಳು ಹಾಗೆಯೇ ನಿಂತುಬಿಟ್ಟಳು. ಹಾರಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ಎತ್ತರದ ಹುಡುಗಿಯ ಕಾಲ್ಬೆರಳು ಅವಳ ಮಂಡಿಗೆ ತಗುಲಿತು. ಎತ್ತರದವಳು ತಿರುಗಿ ಗೆರೆ ದಾಟಿದಳು. ರೆಫರಿ ಸೀಟಿ ಊದಿದರು. ಒಂದು ಪಾಯಿಂಟಿನಲ್ಲಿ ಸೋತೆವು.

ಡ್ರೆಸ್ಸಿಂಗ್ ರೂಮಿನಲ್ಲಿ ಯಾರು ಯಾರು ಏನೇನು ಅಂದರೋ! ಓನರ್ ಬಾಗಿಲಲ್ಲೇ ನಿಂತು, ಗೆಳತಿಗಾಗಿ ಬಿಟ್ಟುಕೊಟ್ಟಳು ಅಂದುಬಿಟ್ಟರು. ಎಲ್ಲರಿಗಿಂತ ಜೋರಾಗಿ ಕೂಗಾಡಿದವಳು ನಮ್ಮ ರೈಡರ್. ಅವಳಿಗೆ ಇದು ಕೊನೆಯ ಸೀಸನ್ ಆಗಿತ್ತಲ್ಲ.

"ಕಾಲು ಮೂಗಿನ ಹತ್ರ ತಂದು ಇಟ್ಟಿದ್ಳು! ಯಾಕೆ ಹೋಗ್ಲಿಲ್ಲ ಹೇಳು! ಬಾಯಲ್ಲಿ ಏನ್ ಇಟ್ಕೊಂಡಿದ್ದೀಯ?"

ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ತಲೆ ಎತ್ತದೆ ಹೇಳಿದಳು, "ನೀವು ನನ್ನ ಕೈ ಹಿಡ್ಕೊಂಡಿರ್ಲಿಲ್ಲ ಅಕ್ಕ."

"ಏನು?"

"ಮುಂಚೆ ಗಟ್ಟಿಯಾಗಿ ಹಿಡ್ಕೊಳ್ತಿದ್ರಿ. ಆಮೇಲಾಮೇಲೆ ಕಮ್ಮಿಯಾಯ್ತು. ನಾನೇ ಇಬ್ಬರದ್ದೂ ಹಿಡ್ಕೊಂಡು ಆಡ್ತಿದ್ದೆ. ಇವತ್ತು ನಿಮ್ಮ ಕೈಯಲ್ಲಿ ಏನೂ ಇರ್ಲಿಲ್ಲ. ನಾನು ಎಳೆದ್ರೆ ನೀವು ಹೆಂಗೆ ಬೀಳ್ತೀರೋ ಅಂತ ಭಯ ಆಯ್ತು." ಅವಳು ಅಳಲು ಶುರುಮಾಡಿದಳು. "ಮುಂಚೇನೇ ಮೇಡಂಗೆ ಹೇಳ್ಬೇಕಿತ್ತು. ಹೇಳಿದ್ರೆ ನಿಮ್ಮನ್ನ ಕೂರಿಸಿಬಿಡ್ತಾರೆ, ನನಗೆ ಬೇರೆ ಯಾರೂ ಇಲ್ಲ ಅಂತ ಸುಮ್ನಿದ್ದೆ."

ನಮ್ಮ ರೈಡರ್ ಜೋರಾಗಿ ನಕ್ಕಳು.

"ಇವಳಿಗೆ ಹುಚ್ಚು! ಸೋತಿದ್ದಕ್ಕೆ ಏನೇನೋ ಹೇಳ್ತಾಳೆ. ಅಕ್ಕ, ಬನ್ನಿ ಇಲ್ಲಿ. ನಿಮ್ಮ ಕೈ ಕೊಡಿ."

ನಾನು ಅವಳ ಪಕ್ಕ ಹೋಗಿ ಕೂತು ಕೈ ಚಾಚಿದೆ. ಅವಳು ತನ್ನ ಎಡಗೈಯನ್ನು ನನ್ನ ಅಂಗೈ ಮೇಲಿಟ್ಟಳು. ಕೈಯನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಹಲ್ಲು ಕಚ್ಚಿದಳು. ಕುತ್ತಿಗೆಯ ನರಗಳು ಉಬ್ಬಿದವು, ಹಣೆಯಲ್ಲಿ ಬೆವರು ಮೂಡಿತು, ಭುಜ ನಡುಗಿತು. ಅಷ್ಟು ಶಕ್ತಿ ಹಾಕುತ್ತಿದ್ದಳು.

"ಹಿಡಿದಿದ್ದೀನಲ್ಲ ಅಕ್ಕ?" ಅಂದಳು. "ಅವಳಿಗೆ ಹೇಳಿ. ಗಟ್ಟಿಯಾಗಿ ಹಿಡಿದಿದ್ದೀನಲ್ಲ?"

ನನ್ನ ಅಂಗೈಯಲ್ಲಿ ಅವಳ ಬೆರಳುಗಳು ಸುಮ್ಮನೆ ಬಿದ್ದಿದ್ದವು.